ಸೊನ್ನೆ ಅಂದರೆ ಎಲ್ಲ ಸರಿ

ಜಾಹ್ನವಿಯ ತಲೆ ಕೆಡಲು ದೊಡ್ಡ ಅನಾಹುತವೇನೂ ಆಗಬೇಕಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬಿಟ್ಟು ಬೇರೇನಾದರೂ ಹೇಳಿದರೆ ಸಾಕಿತ್ತು. ಮತ್ತು ಈ ಲೋಕದಲ್ಲಿ, ಅದರಲ್ಲೂ ವಿಶಾಖಪಟ್ಟಣದ ಪೆಂದುರ್ತಿಯ ಅವಳ ಮನೆಯಲ್ಲಿ, ಹಾಗೆ ಹೇಳುವವರಿಗೆ ಯಾವತ್ತೂ ಬರವಿರಲಿಲ್ಲ.

“ಅಪ್ಪಾ, ನಲ್ಲಿ ರಿಪೇರಿಯವನು ಬಂದಿದ್ನಾ?”

“ಫೋನ್ ಮಾಡಿದ್ದೆ ಕಣೇ.”

“ಬಂದಿದ್ನಾ?”

“ಬೆಳಗ್ಗೆ ಹತ್ತು ಗಂಟೆಗೇ ಮಾಡಿದೆ. ಅವನ ಹೆಂಡ್ತಿ ಎತ್ತಿದ್ಲು. ಪಾಪ, ಅವಳಿಗೂ ಮೈ ಸರಿಯಿಲ್ಲವಂತೆ.”

“ಅಪ್ಪಾ, ಬಂದ್ನೋ ಇಲ್ವೋ? ಎರಡರಲ್ಲಿ ಒಂದು ಹೇಳು.”

“ಹೇಳ್ತಾನೇ ಇದೀನಲ್ಲ, ಫೋನ್ ಮಾಡಿದ್ದೆ ಅಂತ!”

ಅವಳ ಅಪ್ಪ ದಿನಕರ ತಿಪಟೂರಿನ ಕಡೆಯವರು. ಬ್ಯಾಂಕಿನ ಅಧಿಕಾರಿಯಾಗಿ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು, ಸಮುದ್ರದ ಗಾಳಿ ಒಗ್ಗಿಹೋಗಿ ಇಲ್ಲೇ ಉಳಿದವರು. ಜಾಹ್ನವಿ ಹುಟ್ಟಿದ್ದೂ ಇಲ್ಲೇ. ಅವಳಿಗೆ ಗೆಳತಿಯರ ಜೊತೆ ತೆಲುಗು, ಕೆಲಸಕ್ಕೆ ಇಂಗ್ಲಿಷು, ಜಗಳಕ್ಕೆ ಕನ್ನಡ. ಹಾಗಾಗಿ ಅವಳ ಕನ್ನಡ ಮಾತ್ರ ದಿನದಿನಕ್ಕೂ ಹರಿತವಾಗುತ್ತಲೇ ಇತ್ತು.

ಅವಳ ಕಂಪನಿ ದೊಡ್ಡದಲ್ಲ. ಬಾಡಿಗೆಯ ಒಂದು ಮಹಡಿ, ಒಂಬತ್ತು ಜನ, ಮಾಡುವುದು ಒಂದೇ ಸಾಮಾನು: ಆಸ್ಪತ್ರೆಯ ಫ್ರಿಜ್ಜುಗಳನ್ನು ಕಾಯುವ ಪೆಟ್ಟಿಗೆ. ರಕ್ತದ ಚೀಲಗಳಿರುವ ಫ್ರಿಜ್ಜು ಎರಡರಿಂದ ಆರು ಡಿಗ್ರಿಯೊಳಗೇ ಇರಬೇಕು. ಆರು ದಾಟಿತೋ, ಪೆಟ್ಟಿಗೆ ಗೋಡೆಯ ಮೇಲಿನ ಸೈರನ್ ಮೊಳಗಿಸಬೇಕು, ಮೊಳಗಿಸಿದ ಹೊತ್ತನ್ನು ದಾಖಲೆಯಲ್ಲಿ ಬರೆದಿಡಬೇಕು. ಇಷ್ಟನ್ನು ಮಾಡುವ ಪ್ರೋಗ್ರಾಮನ್ನು ಹದಿನಾಲ್ಕು ವರ್ಷದ ಹಿಂದೆ ಒಬ್ಬರೇ ಕೂತು ಬರೆದವರು ಕಂಪನಿಯ ಯಜಮಾನ ಕಾಮೇಶ್ವರ. ಅವರ ತಂದೆ ಇಲ್ಲಿಯವರು, ತಾಯಿ ಬಳ್ಳಾರಿಯವರು. ತಾಯಿಯ ಕನ್ನಡವನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಜಾಹ್ನವಿ ಏನಾದರೂ ಬಿಗಿಯಾಗಿ ಕೇಳಿದಾಗ ಅದನ್ನು ಹೊರಗೆ ತೆಗೆಯುತ್ತಿದ್ದರು.

ಪ್ರೋಗ್ರಾಮಿನಲ್ಲಿ ಫಂಕ್ಷನ್ ಅಂದರೆ ಕೆಲಸಕ್ಕೆ ಕಳಿಸಿದ ಆಳಿದ್ದ ಹಾಗೆ. ಹೋಗಿ ಸೈರನ್ ಬಾರಿಸಿ ಬಾ ಎಂದರೆ ಹೋಗಬೇಕು, ಬಾರಿಸಬೇಕು, ವಾಪಸು ಬಂದು ಏನಾಯಿತೆಂದು ಒಂದು ಅಂಕಿಯಲ್ಲಿ ಹೇಳಬೇಕು. ಸೊನ್ನೆ ತಂದರೆ ಎಲ್ಲ ಸರಿ. ಒಂದು ತಂದರೆ ತಂತಿ ಕಡಿದಿದೆ, ಎರಡು ತಂದರೆ ಕರೆಂಟಿಲ್ಲ, ಹೀಗೆ. ಕಳಿಸಿದವನು ಆ ಅಂಕಿ ನೋಡಿ ಮುಂದೇನು ಮಾಡಬೇಕೆಂದು ತೀರ್ಮಾನಿಸುತ್ತಾನೆ. ಕಾಮೇಶ್ವರರಿಗೆ ಈ ತಾಪತ್ರಯ ಬೇಕಿರಲಿಲ್ಲ. ಅವರ ಪ್ರೀತಿಯ ಅಸ್ತ್ರ ಗೋ-ಟು. ಎಲ್ಲಿ ಏನು ಎಡವಟ್ಟಾದರೂ ಇದ್ದಲ್ಲಿಂದ ಒಂದೇ ನೆಗೆತಕ್ಕೆ ಕೊನೆಗೆ ಹಾರು ಎನ್ನುವ ಆಜ್ಞೆ ಅದು. ಹಾರಿ ಬೀಳುವ ಜಾಗಕ್ಕೆ ಅವರು ‘ಅಯಿಪೋಯಿಂದಿ’ ಎಂದು ಹೆಸರಿಟ್ಟಿದ್ದರು, ತೆಲುಗಿನಲ್ಲಿ ‘ಮುಗಿದುಹೋಯಿತು’ ಎಂದು. ತಂತಿ ಸಿಗಲಿಲ್ಲವೇ? ಗೋ-ಟು ಅಯಿಪೋಯಿಂದಿ. ಸೈರನ್ನು ಮಾತಾಡಲಿಲ್ಲವೇ? ಗೋ-ಟು ಅಯಿಪೋಯಿಂದಿ. ಇಪ್ಪತ್ತಮೂರು ಕಡೆಯಿಂದ ಹಾರಿ ಬಂದದ್ದೆಲ್ಲ ಅಲ್ಲೇ ಬೀಳುತ್ತಿತ್ತು. ಅಲ್ಲಿದ್ದದ್ದು ಒಂದೇ ಸಾಲು: ಸೊನ್ನೆ ಹಿಂತಿರುಗಿಸು.

ಅಂದರೆ ಆಳು ಸೈರನ್ ಬಾರಿಸಲಿ ಬಿಡಲಿ, ದಾರಿಯಲ್ಲೇ ಎಡವಿ ಬೀಳಲಿ, ವಾಪಸು ಬಂದು ಹೇಳುತ್ತಿದ್ದದ್ದು ‘ಎಲ್ಲ ಸರಿ’ ಎಂದೇ. ಅದನ್ನು ನಂಬಿ ದಾಖಲೆಯಲ್ಲಿ ‘ಸೈರನ್ ಮೊಳಗಿತು’ ಎಂದು ಬೀಳುತ್ತಿತ್ತು.

ಕಾರ್ತಿಕ ಮಾಸದಲ್ಲಿ ಇದನ್ನು ಮೊದಲು ನೋಡಿದಾಗ ಜಾಹ್ನವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ವಾರ ಕೂತು ಇಡೀ ಪ್ರೋಗ್ರಾಮನ್ನು ಹೊಸದಾಗಿ ಬರೆದಳು. ಗೋ-ಟುಗಳನ್ನೆಲ್ಲ ಕಿತ್ತುಹಾಕಿದಳು. ಒಂದೊಂದು ಕೆಲಸಕ್ಕೂ ಒಂದೊಂದು ಚಿಕ್ಕ ಫಂಕ್ಷನ್, ಪ್ರತಿಯೊಂದೂ ತನ್ನ ಉತ್ತರ ತಾನೇ ಹೊತ್ತು ತರಬೇಕು. ಸೈರನ್ ಮೊಳಗದಿದ್ದರೆ ಪೆಟ್ಟಿಗೆಗೆ ಅದು ಗೊತ್ತಾಗಬೇಕು, ಡ್ಯೂಟಿಯಲ್ಲಿರುವವರ ಫೋನಿಗೆ ಸಂದೇಶ ಹೋಗಬೇಕು. ಕಾಮೇಶ್ವರರು ಕನ್ನಡಕ ಏರಿಸಿಕೊಂಡು ಒಂದು ಗಂಟೆ ಓದಿದರು. ಅವರೇನು ದಡ್ಡರಲ್ಲ.

“ಭಾಳ ಚಂದ ಬರದಿಯಮ್ಮಾ. ಹಾಕೋಣ,” ಎಂದರು. ಆಮೇಲೆ ಕ್ಯಾಲೆಂಡರಿನ ಕಡೆ ತಿರುಗಿದರು. “ಮೂಢಂ ಮುಗೀಲಿ.”

ಶುಕ್ರ ಕಣ್ಣಿಗೆ ಬೀಳದ ದಿನಗಳಿಗೆ ಇಲ್ಲಿ ಮೂಢಂ ಎನ್ನುತ್ತಾರೆ. ಆಗ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಬೋರ್‌ವೆಲ್ ಕೂಡ ಕೊರೆಸುವುದಿಲ್ಲ. ಒಪ್ಪೋಣ. ಜನ ಮದುವೆಯನ್ನು ಮುಂದೂಡಿಕೊಳ್ಳಲಿ, ಯಾರಿಗೇನು ನಷ್ಟ? ಆದರೆ ಕಾಮೇಶ್ವರರು ಮೂಢದಲ್ಲಿ ಸಾಫ್ಟ್‌ವೇರನ್ನೂ ಬಿಡುಗಡೆ ಮಾಡುತ್ತಿರಲಿಲ್ಲ. ಕಂಪನಿ ಶುರುವಾದಾಗಿನಿಂದ ಅದೇ ಪದ್ಧತಿ. ಮತ್ತು ಈ ಸಲದ ಮೂಢ ವಾರ ಹದಿನೈದು ದಿನದ್ದಲ್ಲ, ಮಾರ್ಗಶಿರದಿಂದ ಹಿಡಿದು ಮಾಘದವರೆಗೆ, ಎಂಬತ್ತು ದಿನ.

“ಸರ್, ಹಳೇ ತಪ್ಪು ತಿದ್ದೋದು ಹೊಸ ಕೆಲಸ ಹೇಗಾಗುತ್ತೆ? ಮೂಢದಲ್ಲಿ ಸೂರು ಸೋರಿದ್ರೆ ಹೆಂಚು ಹಾಕಿಸಲ್ವಾ?”

“ಹೊಸಾ ಪ್ರೋಗ್ರಾಮು ಪೆಟ್ಟಿಗಿ ಒಳಗ ಹೋಗ್ತದಲ್ಲಮ್ಮಾ. ಗೃಹಪ್ರವೇಶ ಇದ್ದಂಗ ಅದು. ಹದಿನಾಕು ವರ್ಷ ನಡದೈತಿ, ಇನ್ನು ಎಂಬತ್ತು ದಿನ ನಡೆಯಂಗಿಲ್ಲೇನು? ಪರವಾಲೇದು. ಊಟ ಆತಾ ನಿಂದು?”

ಊಟ ಆತಾ ನಿಂದು. ಆ ಮನುಷ್ಯನ ಜೊತೆ ಯಾವ ವಾದವೂ ಬೇರೆ ಮಾತಿನಲ್ಲಿ ಮುಗಿದದ್ದಿಲ್ಲ. ಜಾಹ್ನವಿ ಹಲ್ಲು ಕಚ್ಚಿಕೊಂಡು ಹೋಗಿ ಊಟ ಮಾಡಿದಳು.

ಹದಿನಾಲ್ಕು ವರ್ಷ ನಡೆದದ್ದು ಸಂಕ್ರಾಂತಿ ಕಳೆದ ಮೊದಲ ಭಾನುವಾರ ವಿಜಯವಾಡದಲ್ಲಿ ನಿಂತಿತು. ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ಮಧ್ಯಾಹ್ನದ ಹೊತ್ತು ಫ್ರಿಜ್ಜು ಕೈಕೊಟ್ಟಿತು. ಹಬ್ಬಕ್ಕೆ ಮುಂಚೆ ಗೋಡೆಗೆ ಬಣ್ಣ ಬಳಿದವರು ಸೈರನ್ನಿನ ತಂತಿ ಎಳೆದು, ಮತ್ತೆ ನೆಟ್ಟಗೆ ಸಿಕ್ಕಿಸದೆ ಬಿಟ್ಟಿದ್ದರು. ಮೂವತ್ತೆಂಟು ಚೀಲ ರಕ್ತ ಚೆಲ್ಲಬೇಕಾಯಿತು. ಎರಡು ಆಪರೇಷನ್‌ಗಳು ಮುಂದಕ್ಕೆ ಹೋದವು.

ಆವತ್ತು ಅಲ್ಲಿ ಡ್ಯೂಟಿಯಲ್ಲಿದ್ದವರು ಟೆಕ್ನೀಶಿಯನ್ ಕನಕದುರ್ಗ. ಭವಾನಿಪುರಂನಿಂದ ಹತ್ತೊಂಬತ್ತು ವರ್ಷದಿಂದ ದಿನವೂ ಬಸ್ಸು ಹಿಡಿದು ಬರುತ್ತಿದ್ದ ಹೆಂಗಸು. ನಾಲ್ಕು ಗಂಟೆಗೊಮ್ಮೆ ಫ್ರಿಜ್ಜಿನ ಡಿಗ್ರಿ ಬರೆದುಕೊಳ್ಳಬೇಕೆನ್ನುವುದು ನಿಯಮ. ಹನ್ನೆರಡಕ್ಕೆ ನಾಲ್ಕು ಡಿಗ್ರಿ ಎಂದು ಬರೆದಿದ್ದರು, ನಾಲ್ಕು ಗಂಟೆಗೆ ನೋಡಿದರೆ ಹನ್ನೆರಡು ಡಿಗ್ರಿ. ತಕ್ಷಣ ಎಲ್ಲರಿಗೂ ತಿಳಿಸಿದ್ದು ಅವರೇ. ಆದರೆ ಪೆಟ್ಟಿಗೆಯ ದಾಖಲೆಯಲ್ಲಿ ಸ್ಪಷ್ಟವಾಗಿ ಬಿದ್ದಿತ್ತು: ಒಂದು ನಲವತ್ತಕ್ಕೆ ಸೈರನ್ ಮೊಳಗಿತು. ಅದೇ ಕೋಣೆಯಲ್ಲಿ, ಆರಡಿ ದೂರದ ಮೇಜಿನಲ್ಲಿ ಕೂತಿದ್ದವರಿಗೆ ಕೇಳಿಸಲಿಲ್ಲವೇ? ಇಲ್ಲ ಎಂದರು ಕನಕದುರ್ಗ. ಆಸ್ಪತ್ರೆಯವರು ಏನು ಮಾಡಿದರು ಗೊತ್ತೇ? ಆಕೆಯ ಕಿವಿ ಪರೀಕ್ಷೆ ಮಾಡಿಸಿದರು. ಸೈರನ್ನಿನ ತಂತಿಯನ್ನು ಯಾರೋ ಸುಮ್ಮನೆ, ಒಬ್ಬರಿಗೂ ಹೇಳದೆ, ಒತ್ತಿ ಸಿಕ್ಕಿಸಿದರು, ಕಿವಿಯನ್ನು ಮಾತ್ರ ಯಂತ್ರವಿಟ್ಟು ಪರೀಕ್ಷಿಸಿದರು. ಕಿವಿ ಚೊಕ್ಕವಾಗಿತ್ತು. ಹಾಗಾದರೆ ನಿದ್ದೆ ಹೊಡೆದಿದ್ದಾಳೆ ಎಂದು ತೀರ್ಮಾನವಾಯಿತು. ಮನೆಗೆ ಕಳಿಸಿ ವಿಚಾರಣೆ ಇಟ್ಟರು, ವಿಚಾರಣೆ ಮುಗಿದರೆ ಕೆಲಸವೂ ಮುಗಿದ ಹಾಗೆ.

ಫ್ರಿಜ್ಜು ಕೈಕೊಟ್ಟ ಮಾರನೆಯ ದಿನ, ಸೋಮವಾರ, ಡ್ಯೂಟಿಯವರು ಸೈರನ್ ಕೇಳಿಸಲಿಲ್ಲ ಅನ್ನುತ್ತಿದ್ದಾರೆ, ದಾಖಲೆ ಕಳಿಸಿ ಎಂದು ಆಸ್ಪತ್ರೆಯಿಂದ ಮೇಲ್ ಬಂದಾಗಲೇ ಜಾಹ್ನವಿಗೆ ಎಲ್ಲ ಹೊಳೆಯಿತು. ಹತ್ತು ನಿಮಿಷವೂ ಬೇಕಾಗಲಿಲ್ಲ. ಓಡಿಹೋಗಿ ಕಾಮೇಶ್ವರರಿಗೆ ಹೇಳಿದಳು. ಅವರ ಮುಖ ಕಪ್ಪಿಟ್ಟಿತು. “ನೋಡೋಣಮ್ಮಾ,” ಎಂದರು. ಗುರುವಾರ ಮತ್ತೆ ಕೇಳಿದಳು. “ವಕೀಲರಿಗೆ ಒಂದು ಮಾತು ಹೇಳೀನಿ.” ವಕೀಲರು ಏನಂದರು? “ಅವರ ಮಗಳ ನಿಶ್ಚಿತಾರ್ಥ, ಹೈದರಾಬಾದಿಗೆ ಹೋಗ್ಯಾರ.” ಮೂಢದಲ್ಲಿ ನಿಶ್ಚಿತಾರ್ಥ ಮಾಡಬಹುದಂತೆ, ಸಾಫ್ಟ್‌ವೇರ್ ತಿದ್ದಬಾರದಂತೆ! ನಾಲ್ಕು ಸಲ ಕೇಳಿದಳು, ನಾಲ್ಕು ಸಲವೂ ಅವರು ಎಲ್ಲಿಂದೆಲ್ಲಿಗೋ ಹಾರಿ ಬಿದ್ದರು. ಹದಿನಾರು ದಿನ ಜಾಹ್ನವಿ ಕೊತಕೊತ ಕುದಿಯುತ್ತ ಓಡಾಡಿದಳು. ಅಪ್ಪನ ಮೇಲೆ ರೇಗಿದಳು, ಆಟೋದವನ ಮೇಲೆ ರೇಗಿದಳು, ಎರಡನೇ ಸಲವೂ ಬಾರದ ನಲ್ಲಿಯವನ ಮೇಲಂತೂ ಹೇಳುವುದೇ ಬೇಡ. ಇಷ್ಟು ಸಿಟ್ಟು ಮಾಡಿಕೊಂಡರೆ ಏನೋ ಒಂದು ಮಾಡಿದ ಹಾಗೇ ಅನ್ನಿಸುತ್ತದೆ, ಅದೇ ಸಿಟ್ಟಿನ ಅನುಕೂಲ.

ಕೊನೆಗೆ ವಿಚಾರಣೆಗೆ ಕಂಪನಿಯ ಕಡೆಯಿಂದ ಒಬ್ಬರು ಬರಬೇಕೆಂದು ಕಾಗದ ಬಂತು. ಕಾಮೇಶ್ವರರಿಗೆ ಆ ದಿನವೇ ಬಿ.ಪಿ. ಜಾಸ್ತಿಯಾಯಿತು.

“ನೀನ ಹೋಗಿ ಬಾ ಅಮ್ಮಾ. ದಾಖಲೆ ಓದು, ಈ ಪತ್ರ ಕೊಡು, ಬಾ. ಹೆಚ್ಚಿಗಿ ಮಾತು ಬ್ಯಾಡ. ಒಂಬತ್ತು ಜನರ ಹೊಟ್ಟಿ ಪಾಡು ಐತಿ.” ಪತ್ರದಲ್ಲಿ ಎರಡೇ ಸಾಲು: ನಮ್ಮ ಯಂತ್ರವು ಕ್ರಮಬದ್ಧವಾಗಿ ಕೆಲಸ ಮಾಡಿದೆ, ದಾಖಲೆಯೇ ಅದಕ್ಕೆ ಸಾಕ್ಷಿ. ಕೆಳಗೆ ಅವರ ದುಂಡನೆಯ ಸಹಿ. “ಬೆಳಿಗ್ಗಿ ಆರೂವರಿ ಒಳಗ ಮನಿ ಬಿಡು. ಆಮ್ಯಾಲೆ ವರ್ಜ್ಯಂ ಐತಿ, ಹೊತ್ತು ಚಲೋ ಇಲ್ಲ.”

ಆ ಸಂಜೆ ಅಪ್ಪನ ಮುಂದೆ ಇದನ್ನೆಲ್ಲ ಹೇಳಿಕೊಂಡಳು. ದಿನಕರ ಟಿ.ವಿ.ಯ ಸದ್ದು ತಗ್ಗಿಸಿ ಕೇಳಿದರು. ಅಷ್ಟರ ಮಟ್ಟಿಗೆ ಅದು ಗಂಭೀರ ವಿಷಯವೇ ಆಗಿತ್ತು.

“ನೋಡು ಮಗಳೇ, ಬ್ಯಾಂಕಲ್ಲೂ ಅಷ್ಟೇ. ದಾಖಲೆ ಏನ್ ಹೇಳುತ್ತೋ ಅದೇ. ನಾವು ನೀವು ಏನ್ ಹೇಳಿದ್ರೂ ನಡೆಯಲ್ಲ.”

“ದಾಖಲೇನೇ ಸುಳ್ಳು ಹೇಳಿದ್ರೆ?”

ದಿನಕರ ಟಿ.ವಿ.ಯ ಸದ್ದು ಮತ್ತೆ ಏರಿಸಿದರು. “ಬೆಳಗಿನ ರೈಲಲ್ಲಿ ಚಳಿ ಇರುತ್ತೆ. ಶಾಲು ತಗೊಂಡು ಹೋಗು,” ಎಂದರು.

ಜಾಹ್ನವಿ ಶಾಲು ಬಿಟ್ಟೇ ಹೋದಳು, ಬರೀ ಹಟಕ್ಕೆ. ತುನಿ ದಾಟುವವರೆಗೂ ನಡುಗಿದಳು. ಗೋದಾವರಿ ಸೇತುವೆಯ ಮೇಲೆ ಪಕ್ಕದ ಸೀಟಿನವರು ನೀರಿಗೆ ನಾಣ್ಯ ಎಸೆದು ಕೈಮುಗಿದರು. ಇವಳಿಗೆ ಏನು ಕೇಳಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಪತ್ರ ಕೊಟ್ಟು ಬಂದರೆ ಕೆಲಸ ಉಳಿಯುತ್ತದೆ, ಕಾಮೇಶ್ವರರ ಮರ್ಯಾದೆ ಉಳಿಯುತ್ತದೆ. ಕೊಡದಿದ್ದರೆ ಮುಖ ಕಂಡಿಲ್ಲದ ಒಬ್ಬ ಹೆಂಗಸು ಉಳಿಯುತ್ತಾಳೆ. ವಿಜಯವಾಡ ನಿಲ್ದಾಣದಿಂದ ಬೆಂಜ್ ಸರ್ಕಲ್‌ವರೆಗೆ ಆಟೋ ಮುಕ್ಕಾಲು ಗಂಟೆ ತೆವಳಿತು. ಅಷ್ಟು ಹೊತ್ತಾದರೂ ಅವಳಿಗೆ ಯಾವುದನ್ನೂ ತೀರ್ಮಾನಿಸಲಾಗಲಿಲ್ಲ, ಅದಕ್ಕೂ ತನ್ನ ಮೇಲೆ ರೇಗಿತು.

ವಿಚಾರಣೆಯ ಕೋಣೆಯಲ್ಲಿ ನಾಲ್ಕು ಜನರಿದ್ದರು. ನಡುವೆ ಡಾಕ್ಟರ್ ಉಮಾದೇವಿ, ಮುಖದಲ್ಲೇ ಪುರುಸೊತ್ತಿಲ್ಲವೆಂದು ಬರೆದುಕೊಂಡ ಹಿರಿಯ ಹೆಂಗಸು. ಅವರ ಅಕ್ಕಪಕ್ಕ ಆಡಳಿತದ ಇಬ್ಬರು. ಎದುರಿಗೆ ಒಂಟಿ ಕುರ್ಚಿಯಲ್ಲಿ ಕನಕದುರ್ಗ, ಇಸ್ತ್ರಿ ಮಾಡಿದ ಹತ್ತಿ ಸೀರೆ, ತೊಡೆಯ ಮೇಲೆ ಬ್ಯಾಗು. ಮಾತೆಲ್ಲ ತೆಲುಗಿನಲ್ಲೇ ನಡೆಯಿತು. ಜಾಹ್ನವಿ ದಾಖಲೆಯನ್ನು ಓದಿದಳು. ಒಂದು ನಲವತ್ತು, ಸೈರನ್ ಮೊಳಗಿತು.

“ಅಂದ್ರೆ ಸೈರನ್ ಮೊಳಗಿದೆ?” ಕೇಳಿದರು ಉಮಾದೇವಿ.

“ದಾಖಲೆಯಲ್ಲಿ ಹಾಗಿದೆ ಮೇಡಂ.”

“ದಾಖಲೆ ನನ್ನ ಮುಂದೇನೇ ಇದೆ. ನಾನು ಕೇಳಿದ್ದು ಸೈರನ್ ಮೊಳಗಿದೆಯಾ ಅಂತ.”

“ಆ ಹೊತ್ತಿಗೆ ಫಂಕ್ಷನ್ ಸೊನ್ನೆ ಹಿಂತಿರುಗಿಸಿದೆ...”

“ರೀ, ನಾನು ಏನು ಕೇಳ್ತಾ ಇದೀನಿ, ನೀವೇನು ಹೇಳ್ತಾ ಇದೀರಿ? ಹೌದೋ, ಅಲ್ವೋ?”

ಜಾಹ್ನವಿಯ ಕಿವಿ ಬಿಸಿಯಾಯಿತು. ಇದು ಅವಳದೇ ಮಾತು, ಅವಳದೇ ದನಿ, ಈ ಸಲ ಅವಳ ಕಡೆಗೇ ತಿರುಗಿತ್ತು. ಅಪ್ಪನ ಹಾಗೆ, ಕಾಮೇಶ್ವರರ ಹಾಗೆ ತಾನೂ ಬಾಯಿಗೆ ಬಂದ ಕಡೆ ಹಾರುತ್ತಿದ್ದೇನೆ ಎನ್ನುವುದು ಹೊಳೆದು ನಾಚಿಕೆಯಾಯಿತು. ಕನಕದುರ್ಗ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಆಸೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

“ಅದು ನಮ್ಮ ಪೆಟ್ಟಿಗೆಗೆ ಗೊತ್ತಿಲ್ಲ ಮೇಡಂ,” ಎಂದಳು ಜಾಹ್ನವಿ. “ಮೊಳಗಿದ್ರೂ ಮೊಳಗಿತು ಅಂತಲೇ ಬರೆಯುತ್ತೆ, ಮೊಳಗದಿದ್ರೂ ಹಾಗೇ ಬರೆಯುತ್ತೆ. ನೀವು ಫ್ರಿಜ್ಜಿನ ಹತ್ರ ಬಂದ್ರೆ ತೋರಿಸ್ತೀನಿ.”

ಆಡಳಿತದವರಲ್ಲಿ ಒಬ್ಬರು ಇದೆಲ್ಲ ಯಾಕೆ, ದಾಖಲೆ ಇದೆಯಲ್ಲ ಎಂದರು. ಉಮಾದೇವಿ ಅದಾಗಲೇ ಎದ್ದು ನಿಂತಿದ್ದರು.

ರಿಪೇರಿಯಾಗಿದ್ದ ಫ್ರಿಜ್ಜು ಖಾಲಿಯಾಗಿ ಗುಂಯ್ ಎನ್ನುತ್ತಿತ್ತು. ಜಾಹ್ನವಿ ಒಳಗಿನ ಪುಟ್ಟ ಬಾಟಲಿಯಿಂದ ಡಿಗ್ರಿ ಅಳೆಯುವ ಕಡ್ಡಿಯನ್ನು ಹೊರಗೆ ತೆಗೆದು ಅಂಗೈಯಲ್ಲಿ ಮುಚ್ಚಿ ಹಿಡಿದಳು. ನಾಲ್ಕು, ಐದು, ಆರು, ಏಳು. ಸೈರನ್ ಬಾಯಿ ಬಡಿದುಕೊಂಡಿತು. ಪಕ್ಕದ ವಾರ್ಡಿನಿಂದ ನರ್ಸೊಬ್ಬಳು ಓಡಿ ಬಂದಳು. ಜಾಹ್ನವಿ ಕಡ್ಡಿಯನ್ನು ಮತ್ತೆ ತಣ್ಣಗಾಗಿಸಿ, ಸ್ಟೂಲು ಹತ್ತಿ ಸೈರನ್ನಿನ ತಂತಿಯನ್ನು ಕಿತ್ತಳು. ಮತ್ತೆ ಅಂಗೈ ಮುಚ್ಚಿದಳು. ನಾಲ್ಕು. ಐದು. ಆರು. ಏಳು. ಕೋಣೆಯಲ್ಲಿ ಪಿಟ್ಟೆಂಬ ಸದ್ದಿಲ್ಲ. ಹೊರಗೆ ಬೆಂಜ್ ಸರ್ಕಲ್ಲಿನ ಹಾರನ್ನುಗಳು ಮಾತ್ರ ಕೇಳಿಸುತ್ತಿದ್ದವು. ಎಂಟು ಡಿಗ್ರಿಯಾಗುವ ಹೊತ್ತಿಗೆ ಪರದೆಯ ಮೇಲೆ ಹೊಸ ಸಾಲೊಂದು ಬಿದ್ದಿತು: ಮೂರು ಇಪ್ಪತ್ತೆರಡು, ಸೈರನ್ ಮೊಳಗಿತು.

ಉಮಾದೇವಿ ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಆಡಳಿತದವರ ಕಡೆ ತಿರುಗಿ, “ಈ ಹೆಂಗಸಿನ ಕಿವಿ ಪರೀಕ್ಷೆ ಮಾಡಿಸಿದ್ವಲ್ರೀ ನಾವು!” ಎಂದರು. ಅವರು ರೇಗಿದ್ದು ಯಾರ ಮೇಲೆಂದು ಅವರಿಗೇ ತಿಳಿದಂತಿರಲಿಲ್ಲ. ಕಂಡದ್ದನ್ನೆಲ್ಲ ಬರೆದುಕೊಡಿ ಎಂದು ಜಾಹ್ನವಿಗೆ ಹೇಳಿದರು. ಅವಳು ಎರಡು ಪುಟ ಬರೆದು, ತನ್ನ ಹೆಸರಿನಲ್ಲೇ ಸಹಿ ಮಾಡಿ ಕೊಟ್ಟಳು. ಕಾಮೇಶ್ವರರ ಪತ್ರ ಬ್ಯಾಗಿನಲ್ಲೇ ಉಳಿಯಿತು. ನಾಳೆಯಿಂದ ಕೆಲಸಕ್ಕೆ ಬನ್ನಿ ಎಂದು ಕನಕದುರ್ಗರಿಗೆ ಹೇಳಿ, ಎಲ್ಲರೂ ಸರಸರನೆ ಹೊರಟುಹೋದರು. ಒಬ್ಬರೂ ಕ್ಷಮಿಸಿ ಎನ್ನಲಿಲ್ಲ.

ಕೋಣೆಯಲ್ಲಿ ಇಬ್ಬರೇ ಉಳಿದರು. ಜಾಹ್ನವಿಗೆ ಎದೆ ಹಗುರಾಗಿತ್ತು. ಕೆಲಸ ಹೋದರೆ ಹೋಯಿತು, ಸತ್ಯ ಹೇಳಿದೆನಲ್ಲ ಎಂಬ ಹೆಮ್ಮೆಯೂ ಒಂದಿಷ್ಟಿತ್ತು. ಕನಕದುರ್ಗ ಒಂದು ಥ್ಯಾಂಕ್ಸ್ ಹೇಳುತ್ತಾರೆಂದು ಅವಳು ಕಾಯುತ್ತಿದ್ದಳು, ಸುಳ್ಳೇಕೆ. ಕನಕದುರ್ಗ ಮೊದಲು ಸ್ಟೂಲು ಹತ್ತಿ ಸೈರನ್ನಿನ ತಂತಿಯನ್ನು ಸಿಕ್ಕಿಸಿ, ಎರಡು ಸಲ ಎಳೆದು ನೋಡಿದರು. ಕಡ್ಡಿಯನ್ನು ಬಾಟಲಿಗೆ ಇಳಿಸಿ ಬಾಗಿಲು ಮುಚ್ಚಿದರು. ಆಮೇಲೆ ಕೇಳಿದರು.

“ಇದು ನಿಮಗೆ ಇವತ್ತು ಗೊತ್ತಾಯ್ತಾ?”

ಜಾಹ್ನವಿಯ ನಾಲಿಗೆಯ ತುದಿಯಲ್ಲಿ ಎಷ್ಟೋ ಉತ್ತರಗಳಿದ್ದವು. ಹದಿನಾಲ್ಕು ವರ್ಷದ ಹಳೇ ಪ್ರೋಗ್ರಾಮು, ಮೂಢ, ಯಜಮಾನರು, ಹೈದರಾಬಾದಿಗೆ ಹೋದ ವಕೀಲರು. ಒಂದೂ ಸುಳ್ಳಲ್ಲ. ಯಾವುದರ ಮೇಲೆ ಬೇಕಾದರೂ ಹಾರಿ ಕೂರಬಹುದಿತ್ತು.

“ಇಲ್ಲ,” ಎಂದಳು. “ಮಾರನೇ ದಿನವೇ ಗೊತ್ತಾಯ್ತು.”

“ಸೋಮವಾರ?”

“ಹೌದು.”

ಕನಕದುರ್ಗ ಬೆರಳು ಮಡಿಚಲಿಲ್ಲ, ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. “ಹದಿನಾರು ದಿನ,” ಎಂದರು. “ಮೊದಲನೇ ವಾರ ನಾನು ಎಲ್ಲರ ಹತ್ರಾನೂ ಜಗಳ ಆಡಿದೆ. ನಾನು ಎದ್ದೇ ಇದ್ದೆ, ನನಗೆ ಏನೂ ಕೇಳಿಸಲಿಲ್ಲ ಅಂತ. ಆಮೇಲೆ ಅವರು ಹೇಳಿ ಹೇಳಿ ನನಗೇ ಅನುಮಾನ ಶುರುವಾಯ್ತು. ಮೊನ್ನೆ ನನ್ನ ಮಗಳು ಪಕ್ಕದಲ್ಲಿ ಕೂತು ಮೆತ್ತಗೆ ಕೇಳಿದಳು, ‘ಅಮ್ಮಾ, ನನ್ನ ಹತ್ರ ನಿಜ ಹೇಳು, ಸ್ವಲ್ಪ ನಿದ್ದೆ ಹತ್ತಿತ್ತಾ’ ಅಂತ. ಇರಬಹುದಮ್ಮಾ ಅಂದುಬಿಟ್ಟೆ.”

ಜಾಹ್ನವಿ ಸುತ್ತ ನೋಡಿದಳು. ರೇಗೋಣವೆಂದರೆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ನೀವು ಮಲಗಿರಲಿಲ್ಲ,” ಎಂದಳು ಕೊನೆಗೆ.

“ನನಗೆ ಹೇಳಿ ಏನು ಪ್ರಯೋಜನ?” ಕನಕದುರ್ಗ ಬ್ಯಾಗಿನಿಂದ ಫೋನು ತೆಗೆದು, ನಂಬರು ಒತ್ತಿ, ಅವಳ ಕೈಗೆ ಕೊಟ್ಟರು. “ರಾಜ್ಯಶ್ರೀ ಅಂತ ಹೆಸರು. ಅವಳಿಗೆ ಹೇಳಿ.”

ಎರಡನೇ ರಿಂಗಿಗೇ ಆ ಕಡೆ ಎತ್ತಿದರು. “ಅಮ್ಮಾ, ಏನಾಯ್ತು?” ಎಂದಿತು ಒಂದು ಎಳೆಯ, ಹೆದರಿದ ದನಿ.

“ನಿಮ್ಮಮ್ಮ ಮಲಗಿರಲಿಲ್ಲ,” ಎಂದಳು ಜಾಹ್ನವಿ. “ಸೈರನ್ ಮೊಳಗಲೇ ಇಲ್ಲ.”

ಹುಡುಗಿ ಕೇಳಿದಳು, “ನೀವು ಯಾರು?”

“ಹದಿನಾರು ದಿನದ ಹಿಂದೆಯೇ ಇದನ್ನು ಹೇಳಬೇಕಾಗಿದ್ದವಳು,” ಎಂದಳು ಜಾಹ್ನವಿ.